‘ಕ್ರೇಟ್’ ಎಂಬುದಕ್ಕೆ ‘ಪೆಟ್ಟಿಗೆ’ ಎಂದರೆ ಸಾಕೇ?

ಬಲ್ಲವರಿಗೆ ನಮಸ್ಕಾರ.

ಪೀಣ್ಯದ ಸಣ್ಣ ಕಾರ್ಖಾನೆಯೊಂದಕ್ಕೆ ಕನ್ನಡದಲ್ಲಿ ಎರಡು ಪುಟದ ಸೂಚನಾ ಹಾಳೆಯನ್ನು ಬರೆದುಕೊಡುತ್ತಿದ್ದೇನೆ. ಹೊರದೇಶಕ್ಕೆ ಹೋಗುವ ಯಂತ್ರಗಳಿಗೆ ಎಂಥ ಮರದ ಕ್ರೇಟ್ ಮಾಡಿಸಬೇಕು, ಬಡಗಿಗೆ ಏನೇನು ಹೇಳಬೇಕು, ಮಾಡಿ ತಂದ ಮೇಲೆ ಏನನ್ನು ನೋಡಿ ಒಪ್ಪಿಕೊಳ್ಳಬೇಕು ಎಂಬುದನ್ನು ಉಗ್ರಾಣದವರಿಗೆ ತಿಳಿಸುವ ಹಾಳೆ ಅದು. ಕೆಲಸ ಸುಲಭವೆಂದುಕೊಂಡು ಕುಳಿತವನು ಮೊದಲ ಸಾಲಿನ ‘ಕಸ್ಟಮ್ ಕ್ರೇಟ್’ ಎಂಬ ಎರಡು ಮಾತುಗಳಲ್ಲೇ ಸಿಕ್ಕಿಕೊಂಡಿದ್ದೇನೆ.

‘ಕ್ರೇಟ್’ ಕನ್ನಡಕ್ಕೆ ಬಂದು ಬಹಳ ದಿನವಾಯಿತು, ಆದರೆ ಬಂದದ್ದು ಮರದ ವಸ್ತುವಾಗಿ ಉಳಿದಿಲ್ಲ. ಕೋಲಾರದ ಮಾರುಕಟ್ಟೆಯಲ್ಲಿ ಟೊಮೆಟೊ ತುಂಬುವುದು, ಬೆಳಗಿನ ಜಾವ ಹಾಲಿನ ಬೂತಿನ ಮುಂದೆ ಒಂದರ ಮೇಲೊಂದು ಪೇರಿಸಿರುವುದು, ಅಂಗಡಿಯಲ್ಲಿ ಸೋಡಾ ಬಾಟಲಿ ಜೋಡಿಸುವುದು ಎಲ್ಲವೂ ಮೇಲ್ಭಾಗ ತೆರೆದಿರುವ ಪ್ಲಾಸ್ಟಿಕ್ ಕ್ರೇಟುಗಳೇ. ಆದ್ದರಿಂದ ‘ಯಂತ್ರವನ್ನು ಕ್ರೇಟಿನಲ್ಲಿಟ್ಟು ಕಳುಹಿಸಿ’ ಎಂದು ಬರೆದರೆ ಓದುವವರ ಕಣ್ಣ ಮುಂದೆ ಬರುವುದು ಟೊಮೆಟೊ ಕ್ರೇಟು. ‘ಕಸ್ಟಮ್’ ಇನ್ನೂ ತೊಡಕಿನದು. ನಮ್ಮಲ್ಲಿ ‘ಕಸ್ಟಮ್ಸ್’ ಎಂದರೆ ಬಂದರಿನ ಸುಂಕದವರು. ಕರಡನ್ನು ಓದಿದ ಉಗ್ರಾಣದ ಹಿರಿಯರೊಬ್ಬರು ಇದನ್ನು ಸುಂಕದ ಇಲಾಖೆಯವರು ಒಪ್ಪಿ ಮುದ್ರೆ ಹಾಕಿದ ಕ್ರೇಟ್ ಎಂದೇ ತಿಳಿದರು. ಅದನ್ನು ತಪ್ಪೆನ್ನಲು ನನಗೆ ಮನಸ್ಸು ಬರಲಿಲ್ಲ, ಏಕೆಂದರೆ ಮುಂದೆ ಹೇಳುವಂತೆ ಮರಕ್ಕೆ ನಿಜವಾಗಿಯೂ ಒಂದು ಮುದ್ರೆ ಬೇಕು. ಅದನ್ನು ಹಾಕುವವರು ಮಾತ್ರ ಸುಂಕದವರಲ್ಲ. ಸದ್ಯಕ್ಕೆ ‘ಕಸ್ಟಮ್’ ಬಿಟ್ಟು ‘ಅಳತೆಗೆ ಮಾಡಿಸಿದ’ ಎಂದು ಬರೆದಿದ್ದೇನೆ. ಅಂಗಿಯನ್ನು ಅಳತೆ ಕೊಟ್ಟು ಹೊಲಿಸುವ ನಮಗೆ ಇದನ್ನು ವಿವರಿಸಬೇಕಾಗಿಲ್ಲ.

ಹಾಗಾದರೆ ‘ಪೆಟ್ಟಿಗೆ’ ಎಂದುಬಿಟ್ಟರೆ ಆಗದೇ ಎಂದು ನೀವು ಕೇಳಬಹುದು. ತಮಿಳಿನ ಪೆಟ್ಟಿ, ತೆಲುಗಿನ ಪೆಟ್ಟೆಗಳ ಒಡಹುಟ್ಟಾದ ಈ ಪದ ಬಲು ಉದಾರಿ: ಅಂಚೆಪೆಟ್ಟಿಗೆ, ಮತಪೆಟ್ಟಿಗೆ, ಜೇನುಪೆಟ್ಟಿಗೆ, ಶ್ರುತಿಪೆಟ್ಟಿಗೆ, ಗಲ್ಲಾಪೆಟ್ಟಿಗೆ, ಕೊನೆಗೆ ಶವಪೆಟ್ಟಿಗೆ. ಇವೆಲ್ಲಕ್ಕೂ ಸಾಮಾನ್ಯವಾದದ್ದು ಒಳಗೊಂದು ಟೊಳ್ಳು, ಸುತ್ತ ಗೋಡೆ. ಕ್ರೇಟಿನ ಲಕ್ಷಣ ಅದಲ್ಲವೆಂಬುದು ನನಗೆ ತಿಳಿದದ್ದು ಮರದ ಕೆಲಸ ನಡೆಯುವ ಷೆಡ್ಡಿನಲ್ಲಿ. ಅಲ್ಲಿನ ಆಚಾರ್ರು ಅರ್ಧ ಕಟ್ಟಿದ ಕ್ರೇಟಿನ ಒಂದು ಬದಿಯ ಹಲಗೆಗಳನ್ನೆಲ್ಲ ಕಿತ್ತು ಪಕ್ಕಕ್ಕಿಟ್ಟು, ಉಳಿದ ಅಸ್ಥಿಪಂಜರದ ಮೇಲೆ ತಾವೇ ಹತ್ತಿ ನಿಂತರು. “ಪೆಟ್ಗೆ ಅಂದ್ರೆ ಹಲಗೆ ತಡಕೋಬೇಕು ಸಾರ್. ಇದ್ರಲ್ಲಿ ಹಲಗೆ ಬರೀ ಹೊದಿಕೆ, ತೂಕ ಎಲ್ಲಾ ಫ್ರೇಮಿನ ಮೇಲೆ” ಎಂದರು. ಮೂಲೆಯಿಂದ ಮೂಲೆಗೆ ಓರೆಯಾಗಿ ಹೊಡೆದಿದ್ದ ಪಟ್ಟಿಯನ್ನು ಕಾಲಿನಿಂದ ತಟ್ಟಿ, ಅದಿಲ್ಲದಿದ್ದರೆ ಲಾರಿ ತಿರುವಿನಲ್ಲಿ ವಾಲಿದಾಗ ಚೌಕ ಸೊಟ್ಟಗಾಗುತ್ತದೆಂದೂ, ಮರದ ಎಳೆಯುದ್ದಕ್ಕೆ, ಅಂದರೆ ತುದಿಯ ಕೊಯ್ದ ಮುಖಕ್ಕೆ ಹೊಡೆದ ಮೊಳೆ ಹಿಡಿದು ನಿಲ್ಲುವುದಿಲ್ಲವೆಂದೂ ತೋರಿಸಿದರು. ನಿಘಂಟು ಬಿಡಿಸಿ ಹೇಳದ ಭೇದವನ್ನು ಅವರು ಹತ್ತಿ ನಿಂತು ಹೇಳಿದರು. ಗೋಡೆಯೇ ಭಾರ ಹೊತ್ತರೆ ಪೆಟ್ಟಿಗೆ, ಚೌಕಟ್ಟು ಹೊತ್ತರೆ ಕ್ರೇಟ್. ಅದಕ್ಕಾಗಿ ‘ಚೌಕಟ್ಟು ಪೆಟ್ಟಿಗೆ’ ಎಂಬ ಜೋಡುಪದವನ್ನು ಬಳಸುವುದೆಂದು ಯೋಚಿಸಿದ್ದೇನೆ. ‘ಪಂಜರ’ವನ್ನೂ ತೂಗಿ ನೋಡಿದೆ, ಆದರೆ ಗಿಳಿ ಬಂದು ಕೂರುತ್ತದೆ.

ಈ ಹೆಸರಿಗೆ ಇನ್ನೊಂದು ಸಮರ್ಥನೆಯೂ ಇದೆ. ಸರಕನ್ನು ಕಟ್ಟಲು ಬಳಸುವ ಮರದ ಜೊತೆ ಕೀಟಗಳು ದೇಶದಿಂದ ದೇಶಕ್ಕೆ ಹೋಗುವುದನ್ನು ತಡೆಯಲು 2002ರಲ್ಲಿ ಐಎಸ್‌ಪಿಎಂ 15 ಎಂಬ ಅಂತರರಾಷ್ಟ್ರೀಯ ಮಾನದಂಡ ಬಂದಿತು. ಅದರಂತೆ, ಸಾಮಾನ್ಯವಾಗಿ ಅನುಸರಿಸುವ ವಿಧಾನದಲ್ಲಿ, ಮರವು ನಡುಭಾಗದವರೆಗೂ 56 ಡಿಗ್ರಿ ಸೆಲ್ಸಿಯಸ್‌ಗೆ ಕಾದು, ಬಿಡುವಿಲ್ಲದೆ ಕನಿಷ್ಠ 30 ನಿಮಿಷ ಆ ಬಿಸಿಯಲ್ಲಿರಬೇಕು. ಬಳಿಕ ಅನುಮತಿ ಪಡೆದ ಸಂಸ್ಥೆಯವರು ಗೋಧಿ ತೆನೆಯ ಚಿಹ್ನೆ, ದೇಶದ ಸಂಕೇತ, ತಯಾರಕರ ಸಂಖ್ಯೆ, ‘ಎಚ್‌ಟಿ’ (ಹೀಟ್ ಟ್ರೀಟ್‌ಮೆಂಟ್, ಅಂದರೆ ಬಿಸಿಯ ಸಂಸ್ಕಾರ) ಎಂಬ ಅಕ್ಷರಗಳಿರುವ ಮುದ್ರೆಯನ್ನು ಒತ್ತುತ್ತಾರೆ. ಅಂಟು, ಶಾಖ, ಒತ್ತಡಗಳಿಂದ ತಯಾರಾಗುವ ಪ್ಲೈವುಡ್‌ಗೂ 6 ಮಿಲಿಮೀಟರ್ ಮೀರದ ತೆಳು ಮರಕ್ಕೂ ಇದರಿಂದ ವಿನಾಯಿತಿ ಇದೆ. ‘ಪ್ಲೈವುಡ್ ಪೆಟ್ಟಿಗೆಗೆ ಮುದ್ರೆ ಬೇಡ’ ಎಂದು ಕನ್ನಡದಲ್ಲಿ ಬರೆದುಬಿಟ್ಟರೆ ಆಗುವ ಅನಾಹುತ ಇಲ್ಲೇ ಇದೆ: ಹೊದಿಕೆ ಪ್ಲೈವುಡ್ಡಾದರೂ ಚೌಕಟ್ಟು ಸಾದಾ ಮರದ್ದಾದರೆ ಆ ಚೌಕಟ್ಟಿನ ಮರ ಸಂಸ್ಕರಿಸಿದ್ದಾಗಿರಲೇಬೇಕು, ಮುದ್ರೆಯೂ ಬೇಕು. ‘ಚೌಕಟ್ಟು’ ಎಂಬ ಮಾತು ಹೆಸರಿನಲ್ಲೇ ಇದ್ದರೆ ಪರೀಕ್ಷಿಸುವವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.

ಆ ಬಿಸಿಯ ಸಂಸ್ಕಾರಕ್ಕೂ ಪದ ಬೇಕು. ಕಡತದ ಹಳೆಯ ಅನುವಾದವೊಂದರಲ್ಲಿ ‘ಶಾಖೋಪಚಾರ ಪಡೆದ ಮರ’ ಎಂದಿದ್ದು, ಮಂಡಿನೋವಿಗೆ ಎಣ್ಣೆ ಹಚ್ಚಿ ಶಾಖ ಕೊಟ್ಟಂತೆ ಕೇಳಿಸುತ್ತದೆ. ‘ಹದಮಾಡಿದ ಮರ’ ಚೆಲುವಾದ ಮಾತೇನೋ ಹೌದು, ಆದರೆ ಅದು ನೀರಿನಂಶ ತೆಗೆದು ಒಣಗಿಸಿದ್ದನ್ನು ಹೇಳುತ್ತದೆ. ಒಣಗಿದ ಮರವೆಲ್ಲ ಈ ಮಾನದಂಡದ ಮಟ್ಟಿಗೆ ಕಾದ ಮರವಲ್ಲ, ಹೀಗಾಗಿ ಇಲ್ಲಿ ಅದನ್ನು ಬಳಸುವುದು ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ‘ಕಾಯಿಸಿದ ಮರ’ ಎನ್ನೋಣವೆಂದರೆ ಹಾಲು ನೆನಪಾಗುತ್ತದೆ. ಆದರೂ ಮೂರರಲ್ಲಿ ಅದೇ ಮೇಲು ಎನಿಸಿ ಹಾಗೆಯೇ ಬರೆದಿದ್ದೇನೆ.

ಇನ್ನು ಕೇಳಬೇಕಾದದ್ದು. ಫೋರ್ಕ್‌ಲಿಫ್ಟಿನ ಕೊಂಬುಗಳು ತೂರುವಂತೆ ಕ್ರೇಟಿನ ಅಡಿಗೆ ಹೊಡೆಯುವ ದಪ್ಪ ತುಂಡುಗಳನ್ನು ನಮ್ಮ ಆಚಾರ್ರು ‘ಕಾಲು’ ಎನ್ನುತ್ತಾರೆ, ನನಗೆ ಅದು ಸಾಕು. ಆದರೆ ಹಲಗೆಗಳ ನಡುವೆ ತೆರಪು ಬಿಟ್ಟು, ಒಳಗಿನ ವಸ್ತು ಕಾಣುವಂತೆ ಕಟ್ಟುವ ಬಗೆಗೆ ಒಂದು ಹೆಸರು ಬೇಕಾಗಿದೆ. ಜಿಗಣಿಯಲ್ಲಿ, ಇಳಕಲ್ಲಿನಲ್ಲಿ ಗ್ರಾನೈಟ್ ಚಪ್ಪಡಿಗಳನ್ನು ನಿಲ್ಲಿಸಿ ಮರದ ಪಟ್ಟಿಗಳಿಂದ ಬಿಗಿಯುವವರು ಅದನ್ನು ಏನೆಂದು ಕರೆಯುತ್ತಾರೆ? ‘ತಡಿಕೆ’ ಎಂಬುದು ನನ್ನ ನಾಲಗೆಯ ತುದಿಯಲ್ಲಿದೆ, ಆದರೆ ಅದು ಬಿದಿರು ಹೆಣೆದ ತೆಳುವಾದ ವಸ್ತುವಿನ ಹೆಸರಾದ್ದರಿಂದ ಟನ್ನುಗಟ್ಟಲೆ ಕಲ್ಲಿಗೆ ಹೊಂದೀತೇ ಎಂಬ ಅಳುಕಿದೆ. ಆ ಕೆಲಸವನ್ನು ಹತ್ತಿರದಿಂದ ಕಂಡವರು ಅಲ್ಲಿ ಕಿವಿಗೆ ಬಿದ್ದ ಮಾತನ್ನು, ಅದು ಎಷ್ಟೇ ಒರಟಾಗಿರಲಿ, ಹಾಗೆಯೇ ತಿಳಿಸಬೇಕೆಂದು ಕೋರುತ್ತೇನೆ.