ಬಡಗ್ಯಾರ ಅಂಗಡ್ಯಾಗ ವಿಡಿಯೋ ಮಾಡ್ಲಾಕತ್ತೀನಿ, ಕ್ಯಾಮೆರಾ ಕಂಡ ಕೂಡ್ಲೇ ಅವರ ಕೈಯೇ ಬದಲಾಗ್ತದ, ಏನ್ ಮಾಡ್ಲಿ?

ತೊಗರಿಹೊಲ (ಕಲಬುರಗಿ):
ಎಲ್ಲಾರಿಗೂ ಶರಣ್ರಿ. ನಾ ಚಿತ್ರಕಲಾ ಫೈನಲ್ ಇಯರ್. ಪ್ರಾಜೆಕ್ಟಿಗಿ ಅಂತ ಆಳಂದ ಕಡಿ ಒಂದು ಹಳ್ಳ್ಯಾಗ ವಯಸ್ಸಾದ ಬಡಗ್ಯಾರೊಬ್ಬರ ಹತ್ರ ಮೂರು ವಾರದಿಂದ ಹೋಗ್ಲಾಕತ್ತೀನಿ. ಈಗ ಬೀಜ ಬಿತ್ತೋ ಕಟ್ಟಿಗಿ ಕೂರಿಗಿ ಮಾಡ್ಸೋರು ಎಲ್ಲಿ ಅದಾರ, ಎಲ್ಲಾ ಟ್ರ್ಯಾಕ್ಟರಿಗಿ ಹಚ್ಚೋ ಕಬ್ಬಿಣದ್ದೇ, ಆದ್ರ ಆ ಊರಾಗ ಒಬ್ಬ ರೈತ ಇನ್ನಾ ಎತ್ತು ಬಿಟ್ಟಿಲ್ಲ, ತೊಗರಿ ಬಿತ್ಲಾಕ ಅವನ ಸಲುವಾಗಿ ಜಾಲಿ ಕಟ್ಟಿಗಿದು ಒಂದು ಕೂರಿಗಿ ಮಾಡ್ಲಾಕತ್ಯಾರ. ನನ್ನ ವಿಡಿಯೋ ಅಂದ್ರ ಅಷ್ಟೇ, ಆ ಒಂದು ಕೂರಿಗಿ ಸುರುವಿಂದ ಕಡೀತನಕ, ಗೋಡಿ ಮ್ಯಾಲ ದೊಡ್ಡದಾಗಿ ತೋರ್ಸೋದು, ಮಾತಿಲ್ಲ.

ತ್ರಾಸ್ ಏನಂದ್ರ ಕ್ಯಾಮೆರಾ ತಗದ್ರ ಸಾಕು ಅಜ್ಜ ಒಳಗ ಹೋಗಿ ಇಸ್ತ್ರಿ ಅಂಗಿ ಹಾಕ್ಕೊಂಡು ಬರ್ತಾರ, ನೆಟ್ಟಗ ಕುಂದರ್ತಾರ, ಕಟ್ಟಿಗಿ ಕೆತ್ತೋ ಬಾಚಿ ಸಾವಕಾಶ ಎತ್ತಿ ಸಾವಕಾಶ ಇಳಸ್ತಾರ. ಇನ್ನೊಂದು ತಪ್ಪು ನಂದೇ. ದಿಂಡಿಗಿ, ಅಂದ್ರ ಕೂರಿಗಿಯ ಅಡ್ಡ ದಪ್ಪ ಕಟ್ಟಿಗಿಗಿ, ತೂತು ಹೊಡಿತಿದ್ರು, ಕ್ಲೋಸಪ್ ಸಿಗ್ಲಿಲ್ಲಂತ "ಅಜ್ಜಾ ಇನ್ನೊಮ್ಮಿ ಹಂಗೇ ಹೊಡೀರಿ" ಅಂದೆ, ಹೊಡದ್ರು. ಆ ತೂತಿನ್ಯಾಗ ಕೂಡೋ ಕಾಲು, ಅಂದ್ರ ತಾಳ, ಕೂಡ್ಸಿ ನೋಡಿದ್ರ ಸಡ್ಲ! ಏನೂ ಅನ್ಲಿಲ್ಲ, ಸಣ್ಣ ಬೆಣಿ ಕೆತ್ತಿ ಬಡದು ಬಿಟ್ರು. ಆ ಬೆಣಿ ನನ್ನ ಸಲುವಾಗಿ ಬಂದದ್ದು, ಅವತ್ತಿಂದ ನಿದ್ದಿ ಸರಿಯಾಗಿ ಹತ್ತಿಲ್ಲ. ಇಂಥ ಕೆಲ್ಸ ಮಾಡಿದವರು ಇದ್ರ ಹೇಳ್ರಿ.

ಬೀದರ್_ಕ್ಯಾಮೆರಾ:
ಇನ್ನೊಮ್ಮಿ ಅನ್ನೋ ಮಾತು ಇವತ್ತೇ ಬಿಡ್ರಿ. ಸಿಗಲಿಲ್ಲಂದ್ರ ಸಿಗಲಿಲ್ಲ, ಮುಂದಿನ ತೂತಿಗಿ ಸಿಗ್ತದ. ನಮ್ಮ ಬೀದರಕ್ಕ ಎಲ್ಲಾರೂ ಬಿದ್ರಿ ಕೆಲ್ಸದ ಸಲುವಾಗೇ ಕ್ಯಾಮೆರಾ ಹಿಡ್ಕೊಂಡು ಬರ್ತಾರ, ನಾ ಮಾತ್ರ ಕೋಟ್ಯಾಗಿನ ರಂಗೀನ ಮಹಲಿನ ಕಟ್ಟಿಗಿ ಕಂಬದ ಮುಂದ ನಿಂತಾಗೆಲ್ಲ ಇದನ್ನ ಕೆತ್ತಿದ ಕೈ ನೋಡ್ಲಾಕ ಸಿಕ್ಕಿದ್ರ ಅಂತ ಭಾಳ ಅನಸ್ತದ. ನಿಮಗ ಸಿಕ್ಕದ, ಮುಖ ತಗಿಯೋದು ಬಿಡ್ರಿ, ಕ್ಯಾಮೆರಾದಾಗ ಕೈ ಹಿಡೀರಿ. ಟ್ರೈಪಾಡ್ ಒಂದು ಮೂಲ್ಯಾಗ ಇಟ್ಟು ಎರಡು ದಿನ ರೆಕಾರ್ಡೇ ಮಾಡಬ್ಯಾಡ್ರಿ, ಸುಮ್ ಕುಂದರ್ರಿ, ಚಾ ಕುಡೀರಿ. ಮೂರನೇ ದಿನ ಅವರೇ ಹಳಿ ಬನೀನಿನ ಮ್ಯಾಲ ಕೆಲ್ಸ ಸುರು ಮಾಡ್ತಾರ. ಟ್ಯೂಬ್‌ಲೈಟ್ ಇದ್ರ ಶಟರ್ 1/50 ಇಲ್ಲಾ 1/100 ಇಡ್ರಿ, ನಮ್ಮ ಕರೆಂಟ್ 50 ಹರ್ಟ್ಸ್ ಅದ, ಇಲ್ಲಂದ್ರ ಪಟ್ಟಿ ಪಟ್ಟಿ ಬರ್ತದ. ತಗಡಿನ ಶೆಡ್ಡಾಗ ಮಧ್ಯಾಹ್ನ ಮೊಬೈಲ್ ಕಾದು ಬಂದ್ ಆಗ್ತದ, ಮುಂಜಾನೇನೇ ಮುಗಸ್ರಿ.

ಬಡಿಗೇರ_ಮೊಮ್ಮಗ (ಶಹಾಪುರ):
ನಮ್ಮ ಮುತ್ಯಾಂದೂ ಇದೇ ಕೆಲ್ಸ, ಅದಕ್ಕ ಬರಿಲಾಕತ್ತೀನಿ. ದಿಂಡಿನ ತೂತು ಅಂದ್ರ ಸಣ್ಣ ಮಾತಲ್ಲ. ಎರಡು ತಾಳಿನ ನಡುವ ಎಷ್ಟು ಅಂತರ ಅದನೋ ಹೊಲದಾಗ ಸಾಲಿಗೂ ಅಷ್ಟೇ ಅಂತರ, ಒಂದು ತೂತು ವಾರಿ ಆದ್ರ ಸಾಲು ವಾರಿ, ಆಮ್ಯಾಲ ಕಳಿ ತಗಿಯೋ ಕುಂಟಿ ಹೊಡಿಯುವಾಗ ಬೆಳಿ ಕಿತ್ತು ಬರ್ತದ, ರೈತ ಬಂದು ಬಡಗ್ಯಾಗೇ ಕೇಳ್ತಾನ. ಅದಕ್ಕ ಅವರು ಸುಮ್ನಿದ್ದದ್ದು ದೊಡ್ಡ ಗುಣ.

ಇನ್ನಾ ಎರಡು ಮಾತು. ಚಪ್ಪಲಿ ಹೊರಗ ಬಿಡ್ರಿ, ಉಳಿ ಬಾಚಿ ದಾಟಿ ಹೋಗಬ್ಯಾಡ್ರಿ, ಅಮಾಸಿ ದಿನ ಶೂಟ್ ಅಂತ ಹೋಗಬ್ಯಾಡ್ರಿ, ನಮ್ಮ ಮನ್ಯಾಗ ಅವತ್ತು ಉಳಿ ಮುಟ್ಟಲ್ಲ. ಮತ್ತ ರೊಕ್ಕ. ಮೊದಲ ವರ್ಷಕ್ಕೊಮ್ಮಿ ಕೆಲ್ಸದ ಕೂಲಿ ಅಂತ ಜ್ವಾಳ ಕೊಡ್ತಿದ್ರು, ಅದಕ್ಕ ಆಯ ಅಂತಾರ, ರಾಶಿ ಆದಾಗ ಕಣಕ್ಕ ಹೋಗಿ ತರೋದು, ಈಗ ಅದೂ ಇಲ್ಲ. ನಿಮ್ಮ ಸಲುವಾಗಿ ಅವರ ಒಂದು ದಿನ ಹೋದ್ರ ಒಂದು ದಿನದ ಪಗಾರ ಕೊಡ್ರಿ, ಶಾಲು ಹಾರ ಬ್ಯಾಡ. ಒಬ್ಬರು ನಮ್ಮ ಮುತ್ಯಾನ ನಾಕು ದಿನ ಶೂಟ್ ಮಾಡ್ಕೊಂಡು ಹ್ವಾದ್ರು, ವಿಡಿಯೋ ತೋರಸ್ಲೂ ಇಲ್ಲ, ಮುತ್ಯಾ ತೀರ್ಕೊಂಡ್ರು. ಅದು ಎಲ್ಲ್ಯದ ಅಂತ ನಮಗ ಇವತ್ತಿಗೂ ಗೊತ್ತಿಲ್ಲ. ನೀವು ಹಂಗ ಮಾಡಬ್ಯಾಡ್ರಿ, ಕೈ ಮುಗೀತೀನಿ.

ಸಪ್ಪಳ:
ಸೌಂಡ್ ಬಗ್ಗಿ ಯಾರೂ ಹೇಳ್ಲಿಲ್ಲ. ಮ್ಯೂಸಿಕ್ ಹಾಕಬ್ಯಾಡ್ರಿ. ಅಂಗಿಗಿ ಮೈಕ್ ಸಿಗಸಿದ್ರ ಮತ್ತ ಗಟ್ಟಿ ಕುಂದರ್ತಾರ, ಸಣ್ಣ ರೆಕಾರ್ಡರ್ ದಿಂಡಿನ ಹತ್ರ ನೆಲದ ಮ್ಯಾಲ ಅರಿವಿ ಹಾಸಿ ಇಡ್ರಿ. ಉಳಿ ಬಡಿಯೋ ಕೊಡತಿ ಪೆಟ್ಟು ಕೇಳ್ರಿ, ಸುರುವಿಗಿ ಗಟ್ಟಿ ಟಕ್ ಟಕ್, ತೂತು ಆ ಕಡಿ ಬೀಳೋ ಹೊತ್ತಿಗಿ ಸಪ್ಪಳ ಪೊಳ್ಳ ಆಗ್ತದ. ಬಡಗ್ಯಾರು ಅದನ್ನ ಕೇಳೇ ಕೈ ಹಗುರ ಮಾಡ್ತಾರ, ಇಲ್ಲಂದ್ರ ಹಿಂದಿನ ಕಡಿ ಚಕ್ಕಿ ಎದ್ದು ಬರ್ತದ. ನೀವು ಮಾತಿಲ್ಲ ಅಂದೀರಿ, ಆ ಸಪ್ಪಳ ಬದಲಾಗೋದೇ ಸಾಕು. ಫ್ಯಾನ್ ಬಂದ್ ಮಾಡಸ್ರಿ, ಆದ್ರ ಐದೇ ನಿಮಿಷ, ಮುದುಕರು ಅವರು.

ತೊಗರಿಹೊಲ (ಕಲಬುರಗಿ):
ಎಲ್ಲಾ ಓದಿದೆ. ಶಹಾಪುರದ ಅಣ್ಣಾ, ನಿಮ್ಮ ಮುತ್ಯಾನ ಮಾತು ಓದಿ ಕಣ್ಣಾಗ ನೀರು ಬಂತು. ನಿನ್ನಿ ಹೋಗಿ ಮೊದಲ ಇಲ್ಲೀತನಕ ತಗದದ್ದು ಲ್ಯಾಪ್‌ಟಾಪಿನ್ಯಾಗ ಅಜ್ಜಗ ತೋರ್ಸಿದೆ. ಬೆಣಿ ಬಡಿಯೋದು ಬಂದಾಗ ನಿಲ್ಸು ಅಂದ್ರು. ಸ್ಕ್ರೀನಿಗಿ ಬೆರಳು ಹಚ್ಚಿ, ಇಲ್ಲಿ ಕಟ್ಟಿಗಿ ಎಳಿ ಅಡ್ಡ ಬಂದದ ನೋಡು, ಬೆಣಿ ಎಳಿ ಉದ್ದಕ್ಕ ಕೆತ್ತಬೇಕು, ಅವಸರ ಆಗ್ಯಾದ, ಇದನ್ನ ತಗದು ಬ್ಯಾರೆ ಹಾಕ್ತೀನಿ ಅಂದ್ರು. ಹಾಕಿದ್ರು. ನಾ ಕ್ಯಾಮೆರಾ ಚೀಲದಿಂದ ತಗೀಲೇ ಇಲ್ಲ, ದಿಂಡು ಹಿಡ್ಕೊಂಡು ಕುಂತಿದ್ದೆ. ಪಗಾರ ಕೊಟ್ರ ಬ್ಯಾಡ ಅಂದ್ರು, ಅವರ ಮನ್ಯಾಗಿನ ಅಮ್ಮನ ಕೈಯಾಗ ಕೊಟ್ಟು ಬಂದೆ.

ಮಂಗಳಾರ ಬೀಜದ ಬಟ್ಟಲು ಕೊರಿತಾರಂತ. ಬಿಸಲು ಏರೋದ್ರಾಗ ಮುಗೀಬೇಕು, ಆರಕ್ಕೇ ಬಾ ಅಂದಾರ. ಮೂರು ವಾರದಾಗ ಅವರಾಗೇ ಕರದದ್ದು ಇದೇ ಮೊದಲ.