ಫ್ಲೇಕ್, ಸ್ಲೋಪರ್, ಎಡಮುಖದ ಕಾರ್ನರ್: ನಿಮಗೆ ಹೇಗೆ ಅರ್ಥವಾಯಿತು?

ಮೈಸೂರಿನಿಂದ: ಆರು ತಿಂಗಳು ಬೆಂಗಳೂರಿನ ಜಿಮ್ ಗೋಡೆ ಹತ್ತಿದ್ದೇನೆ. ಈ ಭಾನುವಾರ ಮೊದಲ ಸಲ ನಿಜವಾದ ಬಂಡೆ ಹತ್ತಲು ಕುಂತಿ ಬೆಟ್ಟಕ್ಕೆ. ಗೆಳೆಯ ಬರೆದುಕೊಟ್ಟ ವಿವರ ಇಷ್ಟೇ: "ಎಡಮುಖದ ಕಾರ್ನರ್ ಹಿಡಿದು ಮೇಲೆ, ಫ್ಲೇಕ್ ದಾಟಿ, ಸ್ಲೋಪರ್‌ನಲ್ಲಿ ಮ್ಯಾಂಟಲ್." ಬಂಡೆ ಮುಂದೆ ನಿಂತಾಗ ಇವನ್ನು ಗುರುತಿಸುವುದು ಹೇಗೆ?

ಪಾಂಡವಪುರದಿಂದ: ಫ್ಲೇಕ್, ಅಂದರೆ ಬಂಡೆಯಿಂದ ಅರೆಬರೆ ಬಿಟ್ಟುಕೊಂಡ ತೆಳು ಪದರ, ಅದರ ವಿಷಯ ನನ್ನನ್ನು ಕೇಳಿ. ನನ್ನ ವಿವರದಲ್ಲೂ "ಒಳ್ಳೆ ಫ್ಲೇಕ್" ಅಂತಿತ್ತು. ಬಡಿದು ನೋಡಲಿಲ್ಲ, ಎರಡೂ ಕೈ ಹಾಕಿ ಎಳೆದೆ. ಊಟದ ತಟ್ಟೆಯಷ್ಟು ಚೂರು ಕಿತ್ತು ನನ್ನ ಜೊತೆಗೇ ಬಂತು. ಬಿದ್ದದ್ದು ಆರೇ ಅಡಿ, ಆದರೆ ಕೆಳಗೆ ಹಾಸಿದ್ದ ಪ್ಯಾಡ್‌ನ ಅಂಚಿಗೆ. ಹಿಮ್ಮಡಿ ಮೂಳೆ ಬಿರುಕು ಬಿಟ್ಟಿತು. ಸ್ಕ್ಯಾನ್ 4,200, ಪ್ಲಾಸ್ಟರ್ 1,800, ಊರುಗೋಲು 900, ಆಮೇಲೆ ಫಿಸಿಯೋ ಒಂದು ಸಲಕ್ಕೆ 400ರಂತೆ ಹದಿನಾಲ್ಕು ಸಲ. ಹನ್ನೊಂದು ವಾರ ಗದ್ದೆಗೆ ಇಳಿಯಲಿಲ್ಲ. ಕಬ್ಬಿನ ಕೆಲಸಕ್ಕೆ ಕೂಲಿ ಬೇರೆ. ಈಗ ತೆಂಗಿನಕಾಯಿ ಬಡಿದ ಹಾಗೆ ಬಡಿಯುತ್ತೇನೆ. ಟೊಳ್ಳು ಸದ್ದು ಬಂದರೆ ಮುಟ್ಟುವುದಿಲ್ಲ.

ಕುವೆಂಪುನಗರದಿಂದ: ನನ್ನನ್ನು ಕೆಡಿಸಿದ್ದು ಕ್ರಿಂಪ್, ಬೆರಳ ತುದಿಯಲ್ಲಷ್ಟೇ ಹಿಡಿಯುವ ಸಣ್ಣ ಅಂಚು. ವಿವರದಲ್ಲಿ "ಅಂಚು" ಅಂತ ಬರೆದಿದ್ದರು. ಬಾದಾಮಿಯ ಮರಳುಗಲ್ಲಿನಲ್ಲಿ ಕಲಿತವಳು ನಾನು. ಅಲ್ಲಿನ ಅಡ್ಡ ಪದರದಲ್ಲಿ ಅಂಚು ಅಂದರೆ ಅರ್ಧ ಅಂಗೈ ಕೂರುತ್ತಿತ್ತು. ಇಲ್ಲಿ ಗ್ರಾನೈಟ್, ಬೆರಳ ತುದಿಗೂ ಸಾಲಲಿಲ್ಲ. ಆದರೂ ಬಿಡಲಿಲ್ಲ. ಉಂಗುರ ಬೆರಳಿನ ಬುಡದಲ್ಲಿ ಟಪ್ ಅಂತು, ಸ್ನಾಯುರಜ್ಜುವನ್ನು ಮೂಳೆಗೆ ಹಿಡಿದಿಡುವ ಪಟ್ಟಿ, ಪುಲ್ಲಿ, ಹರಿದಿತ್ತು. ನಾಲ್ಕು ತಿಂಗಳು ಬಕೆಟ್ ಎತ್ತಲೂ ಆಗಲಿಲ್ಲ. ಹೊಸ ಶೂ, 9,500 ರೂಪಾಯಿ ಕೊಟ್ಟದ್ದು, ಡಬ್ಬದಲ್ಲೇ ಉಳಿಯಿತು.

ಮಂಡ್ಯದಿಂದ: ಇಷ್ಟೊಂದು ಇಂಗ್ಲಿಷ್ ಯಾಕೆ? ನಮ್ಮಪ್ಪ ಕಲ್ಲು ಒಡೆಯುತ್ತಿದ್ದರು. ಫ್ಲೇಕ್‌ಗೆ ಚಕ್ಕೆ, ಅರೆಟ್‌ಗೆ ಏಣು, ಬಿರುಕಿಗೆ ಸಂದು ಅನ್ನುತ್ತಿದ್ದರು. ಎಡಮುಖದ ಕಾರ್ನರ್ ಅಂದರೆ ಗೋಡೆ ಎಡಗಡೆ ಚಾಚಿರುವ ಮೂಲೆ, ಅಷ್ಟೇ.

ಸರಸ್ವತಿಪುರಂನಿಂದ: ತಪ್ಪು! ಇದೇ ಮಾತು ನಂಬಿ ನಾನು ಬೇರೆ ಮೂಲೆ ಹತ್ತಿ, ಅರ್ಧದಲ್ಲಿ ಸಿಕ್ಕಿಕೊಂಡು, ಇಳಿಯಲು ಆಗದೆ ಎರಡು ಗಂಟೆ ನಿಂತಿದ್ದೆ. ಬಂಡೆಗೆ ಎದುರಾಗಿ ನಿಂತರೆ ಚಾಚಿದ ಗೋಡೆ ನಿಮ್ಮ ಬಲಕ್ಕಿರುತ್ತದೆ. ಅದರ ಮುಖ ಎಡಕ್ಕೆ ನೋಡುತ್ತದೆ, ಅದಕ್ಕೇ ಎಡಮುಖ. ಸಂದು ಅಂದರೂ ಸಾಲದು. ಮುಷ್ಟಿ ಕೂರುವ ಸಂದು ಬೇರೆ, ಮೈ ತೂರುವ ಚಿಮ್ನಿ ಬೇರೆ. ಮುಷ್ಟಿಗೆ ದೊಡ್ಡದು, ಮೈಗೆ ಚಿಕ್ಕದು ಅನ್ನುವ ಆಫ್‌ವಿಡ್ತ್ ಇದೆಯಲ್ಲ, ಅದರಲ್ಲಿ ತರಚಿದ ನನ್ನ ಮೊಣಕೈ ಚರ್ಮ ಇನ್ನೂ ಸರಿಯಾಗಿಲ್ಲ.

ಮಂಡ್ಯದಿಂದ: ಮೂವತ್ತು ವರ್ಷ ಬಂಡೆ ಜೊತೆ ಬದುಕಿದವರ ಮಾತು ನಿಮಗೆ ಸಾಲದು, ಅಲ್ವಾ?

ಸರಸ್ವತಿಪುರಂನಿಂದ: ನಿಮ್ಮಪ್ಪನ ಮಾತಿಗೆ ನಾನು ಏನೂ ಅಂದಿಲ್ಲ. ಚಕ್ಕೆ ಒಳ್ಳೆ ಪದ, ನಾನೂ ಬಳಸುತ್ತೇನೆ. ಎಡಬಲ ತಪ್ಪು ಹೇಳಿದ್ದು ನೀವು. ಹೊಸಬರು ಅದನ್ನು ನಂಬಿ ಹತ್ತುತ್ತಾರೆ.

ಕುವೆಂಪುನಗರದಿಂದ: ಸುಮ್ನೆ ಜಗಳ ಬೇಡ. ಸ್ಲೋಪರ್ ಬಗ್ಗೆ ಯಾರೂ ಹೇಳಲೇ ಇಲ್ಲ. ಅದರಲ್ಲಿ ಹಿಡಿಯಲು ಅಂಚೇ ಇರುವುದಿಲ್ಲ, ಅಂಗೈ ಒತ್ತಿ ನಿಲ್ಲಬೇಕು. ಮ್ಯಾಂಟಲ್ ಅಂದರೆ ಹಾಗೆ ಅಂಗೈ ಒತ್ತಿ ಮೈ ಮೇಲೆತ್ತಿ, ಕಾಲಿಟ್ಟು ಎದ್ದು ನಿಲ್ಲುವುದು.

ಮಂಡ್ಯದಿಂದ: ಭಾನುವಾರ ನಾನೂ ಬರುತ್ತೇನೆ. ಆ ಮೂಲೆ ಎದುರು ನಿಂತು ಹೇಳಿ, ನೋಡೋಣ.

ಸರಸ್ವತಿಪುರಂನಿಂದ: ಬನ್ನಿ. ಆರು ಗಂಟೆಗೇ ಬನ್ನಿ. ಬಿಸಿಲೇರಿದರೆ ಸ್ಲೋಪರ್ ಮೇಲೆ ಕೈ ನಿಲ್ಲುವುದಿಲ್ಲ.