ಸುಂಕ ಇಳಿಸಿ ವ್ಯಾಟ್ ಹಾಕಿದರೆ ಲೆಕ್ಕ ಸರಿಹೋಗುತ್ತಾ?

ಪ್ರಶ್ನೆ: ಆಮದು ಸುಂಕ ಇಳಿಸಿ, ಆ ನಷ್ಟವನ್ನು ಮಾರಾಟದ ಪ್ರತಿ ಹಂತದಲ್ಲೂ ಹೆಚ್ಚಿದ ಮೌಲ್ಯದ ಮೇಲೆ ಬೀಳುವ ತೆರಿಗೆಯಾದ ವ್ಯಾಟ್‌ನಿಂದ ತುಂಬಿಸಿಕೊಳ್ಳಿ ಅಂತ ಬಡ ದೇಶಗಳಿಗೆ ಹೇಳುತ್ತಾರೆ. ಬಿಲ್ಲೇ ಇಲ್ಲದ ವ್ಯಾಪಾರ ಜಾಸ್ತಿ ಇರುವ ಕಡೆ ಇದು ನಡೆಯುತ್ತಾ? ನಿಯತ್ತಾಗಿ ಬಿಲ್ ಕೊಡುವವರ ಮೇಲೇ ಭಾರ ಬೀಳುತ್ತದೆ ಅನ್ನೋದು ನನ್ನ ಸಂಕಟ.

ಉತ್ತರ 1: ನಿಮ್ಮ ಅನುಮಾನ ಸರಿ. ಅರ್ಥಶಾಸ್ತ್ರಜ್ಞರಾದ ಎಮ್ರಾನ್ ಮತ್ತು ಸ್ಟಿಗ್ಲಿಟ್ಜ್ 2005ರಲ್ಲಿ ಇದನ್ನೇ ವಾದಿಸಿದ್ದರು. ಬಂದರಿನಲ್ಲಿ ಸರಕು ಹಿಡಿದು ಸುಂಕ ವಸೂಲಿ ಮಾಡುವುದು ಸುಲಭ, ಬಿಲ್ಲಿಲ್ಲದ ವ್ಯಾಪಾರದಿಂದ ವ್ಯಾಟ್ ವಸೂಲಿ ಕಷ್ಟ.

ಉತ್ತರ 2: ನಾನು ಪೂರ್ತಿ ಒಪ್ಪಲ್ಲ. ಆಮದಿನ ಮೇಲೆ ವ್ಯಾಟ್ ಕೂಡ ಗಡಿಯಲ್ಲೇ ಬೀಳುತ್ತದೆ. ನೋಂದಣಿ ಇಲ್ಲದ ದರ್ಜಿಯನ್ನೇ ನೋಡಿ. ಹೊರಗಿನಿಂದ ಬಂದ ದಾರ, ಝಿಪ್ಪು, ಗುಂಡಿ ಕೊಳ್ಳುವಾಗ ಬೆಲೆಯೊಳಗೇ ತೆರಿಗೆ ಇರುತ್ತದೆ. ಇನ್‌ಪುಟ್ ಕ್ರೆಡಿಟ್, ಅಂದರೆ ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯುವ ಸೌಲಭ್ಯ, ನೋಂದಾಯಿಸಿದವರಿಗೆ ಮಾತ್ರ, ಅವನಿಗೆ ಬಿಡಿಗಾಸೂ ವಾಪಸ್ ಬರಲ್ಲ. ಅರ್ಥಶಾಸ್ತ್ರಜ್ಞ ಮೈಕಲ್ ಕೀನ್ 2008ರಲ್ಲಿ ಎತ್ತಿದ ಮಾತು ಇದೇ.

ಪ್ರಶ್ನೆ ಕೇಳಿದವರು: ಅಂದರೆ ದರ್ಜಿ ಸುಮ್ನೆ ತಪ್ಪಿಸಿಕೊಳ್ಳುತ್ತಿಲ್ಲ, ಅಲ್ವಾ? ಅವನ ಹೊಲಿಗೆ ಕೂಲಿ ಮಾತ್ರ ಲೆಕ್ಕದಿಂದ ಹೊರಗೆ.